ನೂಡಲ್ಸ್ ಮಾಡದ ಮ್ಯಾಗಿ

ಮ್ಯಾಗಿ ಎಂದರೆ ನಮಗೆ ಎರಡು ನಿಮಿಷದ ನೂಡಲ್ಸ್. ಅದು ಒಬ್ಬ ಮನುಷ್ಯನ ಮನೆತನದ ಹೆಸರು, ಮತ್ತು ಆತ ನೂಡಲ್ಸ್ ಮಾಡಿದವನೇ ಅಲ್ಲ. 1983ರಲ್ಲಿ ಆ ಪೊಟ್ಟಣ ಭಾರತದ ಅಂಗಡಿಗಳಿಗೆ ಬಂದಾಗ ಆತ ತೀರಿಕೊಂಡು ಎಪ್ಪತ್ತು ವರ್ಷ ದಾಟಿತ್ತು.

ಜೂಲಿಯಸ್ ಮ್ಯಾಗಿ ಹುಟ್ಟಿದ್ದು 1846ರಲ್ಲಿ, ಸ್ವಿಟ್ಜರ್‌ಲೆಂಡಿನ ಫ್ರಾವೆನ್‌ಫೆಲ್ಡ್‌ನಲ್ಲಿ. ತಂದೆ ಇಟಲಿಯಿಂದ ಬಂದು ನೆಲೆಸಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. 1869ರಲ್ಲಿ ಕೆಂಪ್ಟ್‌ತಾಲ್‌ನ ಗಿರಣಿ ಮಗನ ಕೈಗೆ ಬಂತು. ಆಗ ಕಾರ್ಖಾನೆಗಳ ಕಾಲ. ಹೆಂಗಸರೂ ದಿನವಿಡೀ ಅಲ್ಲೇ ದುಡಿಯುತ್ತಿದ್ದರು; ಅಡುಗೆಗೆ ಪುರುಸೊತ್ತಿಲ್ಲ, ಮಾಂಸಕ್ಕೆ ಕಾಸಿಲ್ಲ. ಕಾರ್ಖಾನೆಗಳ ತಪಾಸಣೆ ಮಾಡುತ್ತಿದ್ದ ವೈದ್ಯ ಫ್ರಿಡೊಲಿನ್ ಶೂಲರ್ ಇದಕ್ಕೆ ಕಂಡುಕೊಂಡ ದಾರಿ ಕಾಳುಗಳು: ಅಗ್ಗ, ಪ್ರೋಟೀನ್ ಹೆಚ್ಚು. ಬೇಗ ಬೇಯುವ ಕಾಳಿನ ಹಿಟ್ಟನ್ನು ಮ್ಯಾಗಿ ತಯಾರಿಸಿದ.

ಹೊಟ್ಟೆಯ ಮಾತಾಯಿತು, ನಾಲಿಗೆ ಒಪ್ಪಬೇಕಲ್ಲ? 1886ರಲ್ಲಿ ಸಿದ್ಧ ಸೂಪಿನ ಜೊತೆಗೆ ಒಂದು ಕಪ್ಪು ರಸವೂ ಮಾರುಕಟ್ಟೆಗೆ ಬಂತು. ನಾಲ್ಕು ಹನಿ ಹಾಕಿದರೆ ಸಪ್ಪೆ ಸೂಪಿಗೂ ಮಾಂಸದ ಸಾರಿನ ರುಚಿ. ಅದರಲ್ಲಿ ಮಾಂಸವಿರಲಿಲ್ಲ.

ಇದರ ಗುಟ್ಟು ಪ್ರೋಟೀನನ್ನು ಒಡೆಯುವುದರಲ್ಲಿದೆ. ಪ್ರೋಟೀನ್ ಒಂದು ಮಣಿಸರವಿದ್ದಂತೆ, ಅಮೈನೋ ಆಮ್ಲಗಳು ಅದರ ಮಣಿಗಳು. ಸಸ್ಯ ಪ್ರೋಟೀನನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಸರ ಹರಿದು ಮಣಿಗಳು ಬಿಡಿಯಾಗುತ್ತವೆ. ಆಮೇಲೆ ಸೋಡಾ ಹಾಕಿ ಆಮ್ಲವನ್ನು ತಣಿಸುತ್ತಾರೆ. ಆಗ ಉಪ್ಪು ಹುಟ್ಟುತ್ತದೆ. ರಸ ಅಷ್ಟು ಉಪ್ಪಾಗಿರುವುದು ಅದಕ್ಕೇ. ಬಿಡಿಯಾದ ಮಣಿಗಳಲ್ಲಿ ಒಂದು ಗ್ಲುಟಮೇಟ್. ಸರದಲ್ಲಿ ಪೋಣಿಸಿಕೊಂಡಿರುವಾಗ ನಾಲಿಗೆಗೆ ಅದರ ರುಚಿ ಹತ್ತುವುದಿಲ್ಲ. ಆ ರುಚಿಗೆ ಗ್ಲುಟಮೇಟೇ ಕಾರಣವೆಂದು ಜಪಾನಿನ ಇಕೆಡಾ ತೋರಿಸಿದ್ದು 1908ರಲ್ಲಿ. ಅಷ್ಟು ಹೊತ್ತಿಗೆ ಮ್ಯಾಗಿಯ ರಸ ಮಾರಾಟವಾಗತೊಡಗಿ ಇಪ್ಪತ್ತು ವರ್ಷ ಕಳೆದಿತ್ತು. ಅಂದಹಾಗೆ, ಈ ಆಮ್ಲದ ಅಡುಗೆಯಲ್ಲಿ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೋ ಆಮ್ಲ ನಾಶವಾಗುತ್ತದೆ. ಪೋಷಣೆಗೆಂದು ಹೊರಟವನು ಗೆದ್ದದ್ದು ರುಚಿಯಲ್ಲಿ ಎಂದೇ ನಮ್ಮ ಅನಿಸಿಕೆ.

2015ರಲ್ಲಿ ಭಾರತದಲ್ಲಿ ನೂಡಲ್ಸ್ ವಿವಾದ ಎದ್ದಾಗ ಅನೇಕರನ್ನು ಗೊಂದಲಕ್ಕೆ ಕೆಡವಿದ್ದೂ ಇದೇ ರಸಾಯನಶಾಸ್ತ್ರ. ಪೊಟ್ಟಣದ ಮೇಲೆ ಎಂಎಸ್‌ಜಿ ಸೇರಿಸಿಲ್ಲ ಎಂದಿತ್ತು. ಪದಾರ್ಥಗಳಲ್ಲಿ ಹೈಡ್ರೊಲೈಸ್ ಮಾಡಿದ ಕಡಲೆಕಾಯಿ ಪ್ರೋಟೀನ್ ಇತ್ತು. ಬೇರೆಯಾಗಿ ಸೇರಿಸದಿದ್ದರೂ ಗ್ಲುಟಮೇಟ್ ಅದರೊಳಗೇ ಬರುತ್ತದೆ. ಗ್ಲುಟಮೇಟ್ ಟೊಮೆಟೊದಲ್ಲೂ ಇದೆ, ಅದಕ್ಕೆ ಹೆದರಬೇಕಿಲ್ಲ. ನಿಜವಾಗಿ ಕಣ್ಣಿಡಬೇಕಾದದ್ದು ಕೊಬ್ಬಿನ ಅಂಶ ಈ ಆಮ್ಲದೊಡನೆ ಸೇರಿದಾಗ ಹುಟ್ಟುವ 3-ಎಂಸಿಪಿಡಿ ಎಂಬ ಕಲ್ಮಶದ ಮೇಲೆ. ಯುರೋಪಿನಲ್ಲಿ ಇದರ ಮಿತಿ ಕಿಲೋಗೆ 20 ಮೈಕ್ರೊಗ್ರಾಂ.

ಮ್ಯಾಗಿ ಪ್ರಚಾರದಲ್ಲೂ ಪಳಗಿದವನು. ಸೀಸೆಯ ಆಕಾರ ಆತನದೇ. ಜಾಹೀರಾತು ಬರೆಯಲು ಇಟ್ಟುಕೊಂಡಿದ್ದ ಫ್ರಾಂಕ್ ವೆಡೆಕಿಂಡ್ ಮುಂದೆ ಹೆಸರಾಂತ ನಾಟಕಕಾರನಾದ. ಪ್ಯಾರಿಸ್‌ನಲ್ಲಿ ಪಾಶ್ಚರೀಕರಿಸಿದ ಹಾಲಿನ ವ್ಯಾಪಾರ ಮಾಡಿ, 1908ರಲ್ಲಿ ‘ಕುಬ್’ ಎಂಬ ಸೂಪಿನ ಬಿಲ್ಲೆ ತಂದು, 1912ರಲ್ಲಿ ತೀರಿಕೊಂಡ.

ವದಂತಿ ಮಾತ್ರ ಆತನ ಹೆಸರನ್ನು ಬಿಡಲಿಲ್ಲ. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ, ಕುಬ್ ಜಾಹೀರಾತಿನ ಫಲಕಗಳಲ್ಲಿ ಜರ್ಮನ್ ಸೈನ್ಯಕ್ಕೆ ದಾರಿ ತೋರುವ ಗುಪ್ತ ಗುರುತುಗಳಿವೆ ಎಂಬ ಸುದ್ದಿ ಫ್ರಾನ್ಸಿನಲ್ಲಿ ಹಬ್ಬಿತು. ಫಲಕಗಳನ್ನು ಕಿತ್ತುಹಾಕಲಾಯಿತು. ಪ್ಯಾರಿಸ್‌ನಲ್ಲಿ ಜನ ಮ್ಯಾಗಿ ಹಾಲಿನ ಅಂಗಡಿಗಳಿಗೆ ನುಗ್ಗಿ ಪುಡಿಗಟ್ಟಿದರು.