ಹೆಸರು ಮರೆಸಿದ ಮುದ್ದಣ

ನಮ್ಮೂರ ಕೆರೆನೀರಿನ ಅನ್ಯಾಯ ಕುರಿತು, ಹೆಸರು ಹಾಕಬೇಡಿರೆಂದು ಬಿನ್ನವಿಸಿ, ಪತ್ರಿಕೆಯೊಂದಕ್ಕೆ ಕಾಗದ ಬರೆದೆನು. ಹೆಸರೂ ಊರೂ ಅಚ್ಚಾದವು. ಹೊನ್ನಾಳಿ ಸಂತೆಯಲ್ಲಿ ಅಪ್ಪಯ್ಯನಿಗೆ ಕಡ ಕೊಡುತ್ತಿದ್ದವರು ಮುಖ ತಿರುಗಿಸಿದರು. ಆಗ ನನಗೆ ಮುದ್ದಣ ನೆನಪಾದನು.

ನಂದಳಿಕೆಯ ಲಕ್ಷ್ಮೀನಾರಣಪ್ಪನವರು 1870ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾದರು. ಡ್ರಿಲ್ ಮಾಸ್ತರರು ಬರೆದ ಕಾವ್ಯವನ್ನು ಯಾವ ಪಂಡಿತರು ಮುಟ್ಟಿಯಾರು? ‘ಅದ್ಭುತ ರಾಮಾಯಣ’ವನ್ನು ಹಳೆಯ ಕವಿಯ ಕೃತಿಯೆಂದೇ ಮೈಸೂರಿನ ‘ಕಾವ್ಯಮಂಜರಿ’ಗೆ ಕಳುಹಿದರು, 1895ರಲ್ಲಿ ಅದು ಪ್ರಕಟವಾಯಿತು. ಮನೋರಮೆಯ ಸರಸದಿಂದ ನಾವೆಲ್ಲ ಬಲ್ಲ ‘ಶ್ರೀರಾಮಾಶ್ವಮೇಧ’ವೂ ಅದೇ ಮರೆಯಲ್ಲಿ ಬಂದಿತು. ಬರೆದವರಾರೆಂದು ಅರಿಯದೆ ಓದಿದರು, ಮೆಚ್ಚಿದರು. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯ ಅವರನ್ನು ಒಯ್ದಿತು. ನಿಜನಾಮ ನಾಡಿಗೆ ತಿಳಿದುದು ಅನಂತರ.

ಆ ಮರೆಯನ್ನು ಅವರೇ ಆರಿಸಿಕೊಂಡಿದ್ದರು. ಬದುಕಿರುವವರೆಗೆ ಅದು ಉಳಿಯಿತು. ನಾನೂ ಆರಿಸಿಕೊಂಡಿದ್ದೆನು. ಅಪ್ಪಯ್ಯ ಈಗ ಸಂತೆಗೆ ನ್ಯಾಮತಿಗೆ ಹೋಗುತ್ತಾರೆ.