ಸಮಗಾರ ಹರಳಯ್ಯನವರು

ಶರಣ ಹರಳಯ್ಯನವರ ಹೆಸರೆತ್ತಿದೊಡನೆ ಸದ್ಭಕ್ತರ ಕಣ್ಣಮುಂದೆ ಸುಳಿಯುವುದು ಒಂದು ಜೊತೆ ಚಮ್ಮಾವುಗೆ. ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಅವರು ಒಮ್ಮೆ ಶರಣೆಂದಾಗ ಅಣ್ಣನವರು ಎರಡು ಬಾರಿ ಶರಣೆಂದು ಬಾಗಿದರಂತೆ. ಆ ಹೆಚ್ಚಿನ ಶರಣಾರ್ಥಿಯ ಋಣವನ್ನು ತಾಳಲಾರದೆ ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮವನ್ನೇ ತೆಗೆದು ಹದಗೊಳಿಸಿ ಪಾದರಕ್ಷೆಗಳನ್ನು ಮಾಡಿ ಒಪ್ಪಿಸಿದರೆಂದೂ, ಅವನ್ನು ಮೆಟ್ಟಲು ತಾವು ಅರ್ಹರಲ್ಲವೆಂದು ಬಸವಣ್ಣನವರು ಮರಳಿಸಿದರೆಂದೂ ಪರಂಪರೆ ಹೇಳುತ್ತದೆ. ಅರಸು ಬಿಜ್ಜಳನ ಮಂತ್ರಿಗಳಲ್ಲೊಬ್ಬನಾದ ಬ್ರಾಹ್ಮಣ ಮಧುವರಸನು ಗರ್ವದಿಂದ ಅವನ್ನು ಮೆಟ್ಟಿ ಮೈಯೆಲ್ಲ ಉರಿಗೊಂಡು, ಹರಳಯ್ಯನವರ ಮನೆಯ ನೀರಿನಿಂದಲೇ ಗುಣ ಹೊಂದಿ, ಲಿಂಗದೀಕ್ಷೆ ಪಡೆದು ಶರಣನಾದನೆಂಬುದೂ ಅದೇ ಕಥೆಯ ಮುಂದಿನ ಭಾಗ.

ಈ ಕಥೆಯನ್ನು ಕೇಳಿ ಕಣ್ಣೀರು ತರುವುದು ಸುಲಭ. ಹರಳಯ್ಯನವರ ಪ್ರಾಣವನ್ನು ಬೇಡಿದ್ದು ಆ ಪಾದರಕ್ಷೆಯಲ್ಲ, ಒಂದು ಮದುವೆ.

ಅವರ ಮಗನ ಹೆಸರು ಶೀಲವಂತ. ಮಧುವರಸನ ಮಗಳನ್ನು ಕೆಲವರು ಲಾವಣ್ಯವತಿಯೆಂದೂ ಕೆಲವರು ಕಲಾವತಿಯೆಂದೂ ಕರೆಯುತ್ತಾರೆ. ಅಂದಿನ ರೂಢಿಯಂತೆ ಎಳೆಯ ವಯಸ್ಸಿನ ವಧೂವರರು. ಒಬ್ಬನು ಚರ್ಮ ಹದಮಾಡುವ ಮನೆಯವನು. ಇನ್ನೊಬ್ಬಳು ಅಗ್ರಜರ ಮನೆಯವಳು. ಆದರೆ ಶರಣರ ಲೆಕ್ಕವೇ ಬೇರೆ. ಲಿಂಗವು ಅಂಗಕ್ಕೆ ಬಂದ ಮೇಲೆ ಪೂರ್ವಾಶ್ರಯ ಉಳಿಯದು. ಅಲ್ಲಿ ಸಮಗಾರನೂ ಇಲ್ಲ, ಬ್ರಾಹ್ಮಣನೂ ಇಲ್ಲ, ಇರುವವರು ಇಬ್ಬರು ಲಿಂಗವಂತರು. ಹೀಗೆಂದ ಮೇಲೆ ಕುಲಬಾಹಿರ ವಿವಾಹವೆಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ. ಹರಳಯ್ಯನವರು ಹಿಂಜರಿದಿದ್ದರೆ ಅಚ್ಚರಿಯಿಲ್ಲ, ಏಕೆಂದರೆ ಇಂಥ ಸಂಬಂಧದಲ್ಲಿ ಮೊದಲು ಪೆಟ್ಟು ಬೀಳುವುದು ಕೆಳಗಿನ ಮನೆಗೆ. ಶರಣಸಮೂಹದ ಒಪ್ಪಿಗೆಯೊಡನೆ ಲಗ್ನವು ನಡೆದೇ ನಡೆಯಿತು.

ಊರಿನ ಸಂಪ್ರದಾಯಸ್ಥರು ಕೆರಳಿದ್ದು ಏಕೆಂಬುದನ್ನು ವಾಚಕರು ತುಸು ವಿಚಾರಿಸಬೇಕು. ಉತ್ತಮ ವರ್ಣದ ವರನು ಕೆಳವರ್ಣದ ಕನ್ಯೆಯನ್ನು ತಂದರೆ ಅದು ಅನುಲೋಮ. ಸ್ಮೃತಿಗಳು ಹೇಗೋ ಸಹಿಸುತ್ತವೆ. ಇದು ಪ್ರತಿಲೋಮ. ಶೂದ್ರನಿಂದ ಬ್ರಾಹ್ಮಣ ಸ್ತ್ರೀಯಲ್ಲಿ ಹುಟ್ಟಿದ ಮಗುವನ್ನು ಮನುಸ್ಮೃತಿ ಚಂಡಾಲನೆಂದು ಎಣಿಸುತ್ತದೆ. ಅನುಭವ ಮಂಟಪದ ಗೋಷ್ಠಿಗಳನ್ನು ಸಹಿಸಿಕೊಂಡಿದ್ದ ಪಟ್ಟಣ ಈ ಹಸೆಮಣೆಯನ್ನು ಸಹಿಸಲಿಲ್ಲ. ಮಾತು ಮಂಟಪದಲ್ಲಿರುವವರೆಗೆ ಎಲ್ಲರೂ ತಲೆದೂಗುತ್ತಾರೆ.

ಇಂದು ಬೆಂಗಳೂರಿನ ಜಯನಗರ, ಬನಶಂಕರಿ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಗೃಹಸ್ಥರ ಮಕ್ಕಳು ನಾನಾ ಕುಲದ ಮಕ್ಕಳೊಡನೆ ಒಂದೇ ಕಾಲೇಜಿನಲ್ಲಿ ಕುಳಿತು ಓದುತ್ತಾರೆ. ಸ್ನೇಹ ಬೆಳೆಯುತ್ತದೆ, ಕೆಲವೊಮ್ಮೆ ಅನುರಾಗವೂ. ಕನ್ಯೆಗೆ 18, ವರನಿಗೆ 21 ತುಂಬಿದ ಮೇಲೆ 1954ರ ವಿಶೇಷ ವಿವಾಹ ಕಾಯಿದೆ ಅವರ ಕೈಹಿಡಿಯುತ್ತದೆ, ಮನೆಯವರು ಹಿಡಿಯುತ್ತಾರೆಯೆ? ಹರಳಯ್ಯನವರ ಚಿತ್ರಕ್ಕೆ ಹೂ ಏರಿಸಿದ ಕೈಯೇ ವರಾನ್ವೇಷಣೆಯ ಪ್ರಕಟಣೆಯಲ್ಲಿ ಒಳಪಂಗಡದ ಹೆಸರನ್ನು ಬರೆಯುತ್ತದೆ. ನಮ್ಮೊಳಗೇ ಇಷ್ಟು ಬೇಲಿಗಳಿರುವಾಗ ಹೊರಗಿನವರ ಮಾತೇಕೆ!

ಕಲ್ಯಾಣಕ್ಕೆ ಮರಳೋಣ. ಬಿಜ್ಜಳನು ಚಾಲುಕ್ಯರ ಮಾಂಡಲಿಕನಾಗಿದ್ದು ಸಿಂಹಾಸನವನ್ನು ಕಸಿದುಕೊಂಡ ಕಳಚುರಿ ಅರಸು. ಅಂಥವನಿಗೆ ಬಲಿಷ್ಠರ ಬೆಂಬಲ ಬೇಕು. ದೂರು ಬಂದಿತು, ಅರಸನು ಮಣಿದನು. ಹರಳಯ್ಯ, ಮಧುವರಸರಿಬ್ಬರ ಕಣ್ಣುಗಳನ್ನು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರೆಂದು ಪರಂಪರೆ ನೆನೆಯುತ್ತದೆ. ಎಳೆಹೂಟೆಯೆಂದು ಆ ಶಿಕ್ಷೆಯ ಹೆಸರು. ಕೆಲವು ಕಥನಗಳಲ್ಲಿ ಶೀಲವಂತನೂ ಅವರೊಡನೆ ಮಡಿಯುತ್ತಾನೆ. ಮದುಮಗಳ ಕೈಯ ಹಸುರು ಬಳೆಗೆ ಏನಾಯಿತೆಂದು ಯಾವ ಪುರಾಣಿಕನೂ ನಿಂತು ಕೇಳುವುದಿಲ್ಲ.

ಅನಂತರದ್ದು ಎಲ್ಲರೂ ಬಲ್ಲದ್ದೇ. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು. ಜಗದೇವ, ಮೊಲ್ಲೆಬೊಮ್ಮಯ್ಯರು ಅವನನ್ನು ಕೊಂದರೆಂದು ಪುರಾಣಗಳು ಹೇಳುತ್ತವೆ. ಚೆನ್ನಬಸವಣ್ಣನವರ ನೇತೃತ್ವದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರು.

ಪರಂಪರೆಯ ಕಥನದಲ್ಲಿ ಇದು ಇಬ್ಬರು ತಂದೆಯರ ನಿಷ್ಠೆಯ ಕಥೆ. ಮಕ್ಕಳ ಮನಸ್ಸಿನ ಮಾತು ಅಲ್ಲಿಲ್ಲ. ಅದನ್ನು ಊಹಿಸುವ ಕೆಲಸ ನಾಟಕಕಾರರಿಗೆ ಉಳಿಯಿತು. ಪಿ. ಲಂಕೇಶರು 1971ರ ‘ಸಂಕ್ರಾಂತಿ’ಯಲ್ಲಿ ಭಿನ್ನ ಕುಲದ ತರುಣ ತರುಣಿಯರ ಪ್ರೇಮವನ್ನೇ ತಂದರು, ಗಿರೀಶ ಕಾರ್ನಾಡರ ‘ತಲೆದಂಡ’ (1990) ಈ ಮದುವೆಯ ಸುತ್ತಲೇ ಹೆಣೆದದ್ದು. ಆ ರಂಗಭೂಮಿಯ ಶರಣರನ್ನು ಕಂಡು ಮುನಿದ ಭಕ್ತರೂ ಉಂಟು. ಆದರೂ ಆ ಇಬ್ಬರು ಎಳೆಯರ ಮುಖವನ್ನು ಒಮ್ಮೆಯಾದರೂ ಬೆಳಕಿಗೆ ತಿರುಗಿಸಿದ್ದಕ್ಕೆ ನಾವು ಕೃತಜ್ಞರಾಗಿರಬೇಕು.

ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಇಂದಿಗೂ ಹರಳಯ್ಯನವರ ಹೆಸರಿನ ಗವಿಯಿದೆ. ಯಾತ್ರೆಗೆ ಹೋದವರು ಬಾಗಿಲಲ್ಲಿ ಪಾದರಕ್ಷೆಗಳನ್ನು ಬಿಟ್ಟು ಒಳಹೊಕ್ಕು ನಮಸ್ಕರಿಸಿ ಬರುತ್ತಾರೆ.