ಕೌಡೂರಿನ ಹೆಗ್ಡೆಯವರಿಗೆ ತಪ್ಪಿದ ಕುರ್ಚಿ

ದೇರಳಕಟ್ಟೆಯಲ್ಲಿ ಬಸ್ಸಿಳಿಯುವವರ ಬಾಯಲ್ಲಿ ದಿನಾ ಬರುವ ಹೆಸರು ಕೆ.ಎಸ್. ಹೆಗ್ಡೆ ಆಸ್ಪತ್ರೆ. ಈ ಹೆಗ್ಡೆ ಡಾಕ್ಟರಲ್ಲ, ವಕೀಲ. ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಸದಾನಂದ ಹೆಗ್ಡೆಯವರು ದೇಶದ ಮುಖ್ಯ ನ್ಯಾಯಮೂರ್ತಿ ಆಗಬೇಕಿತ್ತು. ಆಗಲಿಲ್ಲ. ಆಗಗೊಡಲಿಲ್ಲ ಅಂದರೇ ಸರಿ.

ಮದ್ರಾಸಿನಲ್ಲಿ ಕಾನೂನು ಓದಿ 1933ರಲ್ಲಿ ವಕೀಲಿಗೆ ಇಳಿದವರು, ಮುಂದೆ ಸರ್ಕಾರಿ ವಕೀಲರಾದರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆ. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶ, 1966ರಲ್ಲಿ ದಿಲ್ಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟು. ಪಾರ್ಟಿಯಿಂದ ಬಂದವರು ಪಾರ್ಟಿಯ ಮಾತು ಕೇಳುತ್ತಾರೆಂದು ಯಾರಾದರೂ ಲೆಕ್ಕ ಹಾಕಿದ್ದರೆ ಆ ಲೆಕ್ಕ ತಪ್ಪಿತು.

1972ರಲ್ಲಿ, ಇಂದಿರಾ ಗಾಂಧಿಯವರ ಚುನಾವಣೆ ಮೇಲೆ ರಾಜ್ ನಾರಾಯಣ್ ಹಾಕಿದ್ದ ತಕರಾರಿನಲ್ಲಿ ಹೆಗ್ಡೆಯವರ ಪೀಠ ಪ್ರಧಾನಿಗೆ ಹಿತವಲ್ಲದ ಆದೇಶ ಕೊಟ್ಟಿತು. ಅವರು ಅಭ್ಯರ್ಥಿಯಾದದ್ದು ಯಾವ ದಿನದಿಂದ ಎಂಬ ಪ್ರಶ್ನೆ ವಿಚಾರಣೆಗೆ ಬಂತು. 1975ರಲ್ಲಿ ಅಲಹಾಬಾದಿನಲ್ಲಿ ಅವರ ಗೆಲುವು ಉರುಳಿದ್ದಕ್ಕೆ ಈ ಪ್ರಶ್ನೆಯೂ ಕಾರಣ.

ಆಮೇಲೆ ಬಂದದ್ದು ನಮ್ಮ ಪಕ್ಕದ ಕಾಸರಗೋಡಿನ ಕೇಸು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಕೋರ್ಟಿಗೆ ಹೋಗಿದ್ದರು. 13 ನ್ಯಾಯಾಧೀಶರು 68 ದಿನ ಕೂತು ಕೇಳಿದರು. 1973ರ ಏಪ್ರಿಲ್ 24ರಂದು 7-6ರಲ್ಲಿ ತೀರ್ಪು: ಪಾರ್ಲಿಮೆಂಟು ಸಂವಿಧಾನ ತಿದ್ದಬಹುದು, ಮೂಲ ಸ್ವರೂಪ ಕೆಡಿಸುವಂತಿಲ್ಲ. ಏಳರಲ್ಲಿ ಹೆಗ್ಡೆ ಒಬ್ಬರು.

ಎರಡು ದಿನದೊಳಗೆ ಏಟು ಬಿತ್ತು. ಹಿರಿತನದಲ್ಲಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಹಾರಿಸಿ, ಆರರ ಗುಂಪಿನಲ್ಲಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಸರದಿ ಪ್ರಕಾರ ಹೋಗಿದ್ದರೆ ಶೆಲತ್ ನಿವೃತ್ತರಾದ ಮೇಲೆ, ಅದೇ ಜುಲೈಯಿಂದ 1974ರ ಜೂನ್ ತನಕ ಆ ಕುರ್ಚಿ ಹೆಗ್ಡೆಯವರದು. ಬಾಯಿಮುಚ್ಚಿ ಕೂತಿದ್ದರೂ ಒಂದು ವರ್ಷದ ನೌಕರಿಗೆ ಮೋಸವಿರಲಿಲ್ಲ. ಮೂವರೂ ರಾಜೀನಾಮೆ ಬಿಸಾಡಿ ಎದ್ದರು.

1977ರಲ್ಲಿ ಕರ್ನಾಟಕದ 28 ಸೀಟಿನಲ್ಲಿ ಜನತಾ ಪಕ್ಷ ಗೆದ್ದದ್ದು ಎರಡೇ. ಅದರಲ್ಲಿ ಬೆಂಗಳೂರು ದಕ್ಷಿಣ ಹೆಗ್ಡೆಯವರದು. ಅದೇ ಜುಲೈಯಲ್ಲಿ ಲೋಕಸಭೆಯ ಸ್ಪೀಕರ್ ಆದರು. ಮರುವರ್ಷ ಇಂದಿರಾ ಚಿಕ್ಕಮಗಳೂರಿನಿಂದ ಗೆದ್ದು ಅದೇ ಸಭೆಗೆ ಬಂದರು. ಡಿಸೆಂಬರಿನಲ್ಲಿ ಹಕ್ಕುಚ್ಯುತಿಗಾಗಿ ಸಭೆ ಅವರನ್ನು ಹೊರಹಾಕಿತು. ಆಗ ಸ್ಪೀಕರ್ ಇದೇ ಹೆಗ್ಡೆ. ಕಾಲಚಕ್ರ ಅಂದರೆ ಇದೇ ಏನೋ!

1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆ ಕಟ್ಟಿದರು. 1990ರ ಮೇ 24ರಂದು ತೀರಿಕೊಂಡರು. ಮಗ ಸಂತೋಷ್ ಹೆಗ್ಡೆಯವರು 1999ರಲ್ಲಿ, ಅಪ್ಪ ಬಿಟ್ಟು ಬಂದ ಅದೇ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು.